ಮನೆಯಲ್ಲಿ ಐದು ಸಿಮ್: ಯಾವ ಕಂಪನಿಯ ಯಾವ ಪ್ಯಾಕ್ ಹಾಕಿದರೆ ತಿಂಗಳ ಖರ್ಚು ಕಡಿಮೆ?

ಕುಂದಾಪುರ_ಡೊಂಬಿವಲಿ
15 ಫೆಬ್ರವರಿ 2025

ನಮಸ್ಕಾರ ಎಲ್ಲರಿಗೂ. ಮೊಬೈಲ್ ರೀಚಾರ್ಜ್ ಲೆಕ್ಕ ನನಗೆ ಬಗೆಹರಿಯುತ್ತಿಲ್ಲ. ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ.

ನಮ್ಮ ಮನೆಯಲ್ಲಿ ಐದು ಸಿಮ್ ಇದೆ. ಮೂರು ಇಲ್ಲಿ ಡೊಂಬಿವಲಿಯಲ್ಲಿ, ಎರಡು ಊರಲ್ಲಿ ಅಪ್ಪ ಅಮ್ಮನ ಹತ್ತಿರ. ಐದಕ್ಕೂ ದುಡ್ಡು ಹಾಕುವವನು ನಾನೇ. ನನ್ನದು ಏರ್‌ಟೆಲ್, 349ರ ಪ್ಯಾಕ್, ದಿನಕ್ಕೆ ಒಂದೂವರೆ ಜಿಬಿ. ಹೆಂಡತಿಯದು ವಿಐ, ಅದೂ 349, ಅದೂ ಒಂದೂವರೆ ಜಿಬಿ. ಅವಳ ನಂಬರು ಮುಂಬೈಯಲ್ಲಿ ಆರೆಂಜ್ ಇದ್ದ ಕಾಲದ್ದು. ಆಮೇಲೆ ಹಚ್ ಆಯಿತು, ವೊಡಾಫೋನ್ ಆಯಿತು, ಈಗ ವಿಐ. ಹೆಸರು ಎಷ್ಟು ಸಲ ಬದಲಾದರೂ ನಂಬರು ಅದೇ ಇದೆ, ಅದನ್ನು ಬಿಡುವ ಮಾತೇ ಇಲ್ಲ. ಮಗ ಕಾಲೇಜಿಗೆ ಹೋಗುತ್ತಾನೆ, ಅವನಿಗೆ ಜಿಯೋ 349, ದಿನಕ್ಕೆ ಎರಡು ಜಿಬಿ. ಅಮ್ಮನ ಹತ್ತಿರ ಸಣ್ಣ ಸ್ಮಾರ್ಟ್‌ಫೋನ್ ಇದೆ, ಜಿಯೋ 299. ಅಪ್ಪನದು ಹಳೇ ಕೀಪ್ಯಾಡ್ ಫೋನ್, ಏರ್‌ಟೆಲ್ 199.

ಎಲ್ಲ ಕೂಡಿಸಿದರೆ 1,545. ತಿಂಗಳಿಗೆ ಇಷ್ಟು ಅಂತ ನಾನು ಎತ್ತಿಡುತ್ತೇನೆ. ಆದರೆ ವರ್ಷದಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತಿದೆ ಅನ್ನಿಸುತ್ತಿದೆ.

ಈ ಪ್ರಶ್ನೆ ಈಗ ಕೇಳಲು ಬೇರೆ ಕಾರಣವೂ ಇದೆ. ಕಳೆದ ತಿಂಗಳು ಅಮ್ಮ ಒಂದು ಮದುವೆಗೆ ಅಂತ ಎರಡು ದಿನ ಉಡುಪಿಗೆ ಹೋಗಿದ್ದರು. ಮನೆಯಲ್ಲಿ ಅಪ್ಪ ಒಬ್ಬರೇ. ರಾತ್ರಿ ಫೋನ್ ಮಾಡಿದರೆ ಹೋಗುತ್ತಲೇ ಇಲ್ಲ. ಬೆಳಿಗ್ಗೆಯೂ ಹೋಗಲಿಲ್ಲ. ಅಪ್ಪನಿಗೆ ಎಪ್ಪತ್ತೆಂಟು ವರ್ಷ, ಬಿಪಿ ಇದೆ. ಕಡೆಗೆ ಪಕ್ಕದ ಮನೆಯ ಹುಡುಗನಿಗೆ ಫೋನ್ ಮಾಡಿ ಓಡಿಸಿದೆ. ಅಪ್ಪ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಪ್ಯಾಕ್ ಮುಗಿದು ಎಷ್ಟೋ ದಿನ ಆಗಿತ್ತು, ಮೊದಲು ಔಟ್‌ಗೋಯಿಂಗ್ ನಿಂತಿದೆ, ಆಮೇಲೆ ಇನ್‌ಕಮಿಂಗ್ ಕೂಡ ನಿಂತಿದೆ, ಅವರಿಗೆ ಗೊತ್ತೇ ಆಗಿಲ್ಲ. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ, ತಾರೀಖು ಮರೆತವನು ನಾನು. ಆದರೆ ಈ 28 ದಿನದ ಪ್ಯಾಕ್‌ನಲ್ಲಿ ತಾರೀಖು ಪ್ರತಿ ಸಲ ಹಿಂದೆ ಸರಿಯುತ್ತದೆ ಅಲ್ವಾ, ಐದು ಸಿಮ್‌ಗೆ ಐದು ಬೇರೆ ಬೇರೆ ತಾರೀಖು, ತಲೆಯಲ್ಲಿ ನಿಲ್ಲುವುದಿಲ್ಲ.

ಹಾಗಾಗಿ ಎರಡು ವಿಷಯ ಬೇಕು. ಖರ್ಚು ಇಳಿಯಬೇಕು, ಅಪ್ಪನ ಫೋನ್ ಇನ್ನೊಮ್ಮೆ ಹೀಗೆ ನಿಲ್ಲಬಾರದು. ಕಂಪನಿ ಬದಲಾಯಿಸಲೂ ತಯಾರಿದ್ದೇನೆ. ಇಲ್ಲಿ ಮನೆಯಲ್ಲಿ ವೈಫೈ ಇದೆ. ಊರಲ್ಲಿ ಇಲ್ಲ.


ಮುಲುಂಡ್_ನಿವೃತ್ತ
15 ಫೆಬ್ರವರಿ 2025

ನಿಮ್ಮ ಅನುಮಾನ ಸರಿ. ನೀವು 1,545ನ್ನು ತಿಂಗಳಿಗೆ ಕೊಡುತ್ತಿಲ್ಲ, 28 ದಿನಕ್ಕೆ ಕೊಡುತ್ತಿದ್ದೀರಿ. ವರ್ಷಕ್ಕೆ ಹನ್ನೆರಡು ಸಲ ಅಲ್ಲ, ಹದಿಮೂರು ಸಲ. 1,545ನ್ನು 13ರಿಂದ ಗುಣಿಸಿ, 20,085 ಬರುತ್ತದೆ. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ 1,674 ರೂಪಾಯಿ. ನೀವು ಎತ್ತಿಡುವುದಕ್ಕೂ ನಿಜವಾಗಿ ಹೋಗುವುದಕ್ಕೂ ತಿಂಗಳಿಗೆ 129 ರೂಪಾಯಿ ವ್ಯತ್ಯಾಸ.

ನಾನು ಬ್ಯಾಂಕಿನಲ್ಲಿದ್ದವನು, ಬಡ್ಡಿ ನೋಡುವಾಗ ಹೇಗೆ ವರ್ಷದ ದರಕ್ಕೆ ತಂದು ಹೋಲಿಸುತ್ತೇವೋ ಹಾಗೇ ಪ್ಯಾಕ್‌ಗಳನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಬೆಲೆಯನ್ನು ದಿನದಿಂದ ಭಾಗಿಸಿ, ದಿನಕ್ಕೆ ಎಷ್ಟು ಅಂತ ತೆಗೆಯಿರಿ. ಆಗ ಎಲ್ಲ ಕಂಪನಿಯೂ ಪಕ್ಕಪಕ್ಕ ನಿಲ್ಲುತ್ತದೆ.

ನಿಮ್ಮ ಏರ್‌ಟೆಲ್ 349 ದಿನಕ್ಕೆ 12 ರೂಪಾಯಿ 46 ಪೈಸೆ ಬೀಳುತ್ತದೆ. ಅದೇ ಒಂದೂವರೆ ಜಿಬಿ 84 ದಿನಕ್ಕೆ 859. ದಿನಕ್ಕೆ 10 ರೂಪಾಯಿ 23 ಪೈಸೆ. ಇನ್ನೂ ಒಂದು ನೋಡಿ. ಏರ್‌ಟೆಲ್‌ನಲ್ಲೇ 28 ದಿನಕ್ಕೆ 299ರ ಪ್ಯಾಕ್ ಇದೆ, ದಿನಕ್ಕೆ ಒಂದೇ ಜಿಬಿ. ಕಡಿಮೆ ಬೆಲೆ ಅಂತ ಜನ ಅದಕ್ಕೆ ಹೋಗುತ್ತಾರೆ. ಲೆಕ್ಕ ಹಾಕಿದರೆ ಅದು ದಿನಕ್ಕೆ 10 ರೂಪಾಯಿ 68 ಪೈಸೆ! ಅಂದರೆ ಕಡಿಮೆ ಡೇಟಾ ತೆಗೆದುಕೊಂಡು ಜಾಸ್ತಿ ಕೊಟ್ಟ ಹಾಗೆ ಆಯಿತು. ಸಣ್ಣ ಬೆಲೆ ಕಂಡ ಕೂಡಲೇ ಅಗ್ಗ ಅಂದುಕೊಳ್ಳಬೇಡಿ.

ಜಿಯೋದಲ್ಲಿ ಅದೇ 859ಕ್ಕೆ 84 ದಿನ, ಆದರೆ ದಿನಕ್ಕೆ ಎರಡು ಜಿಬಿ. ಮಗನಿಗೆ ಅದನ್ನೇ ಹಾಕಿ. ಅಮ್ಮನಿಗೆ 299ರ ಬದಲು 799, 84 ದಿನ, ಡೇಟಾ ಈಗಿನಷ್ಟೇ ದಿನಕ್ಕೆ ಒಂದೂವರೆ ಜಿಬಿ. ದಿನಕ್ಕೆ 10 ರೂಪಾಯಿ 68 ಪೈಸೆ ಇದ್ದದ್ದು 9 ರೂಪಾಯಿ 51 ಪೈಸೆಗೆ ಇಳಿಯುತ್ತದೆ.

ಹೆಂಡತಿ ಹೆಚ್ಚು ಹೊತ್ತು ಮನೆಯಲ್ಲೇ ಇರುತ್ತಾರಾ? ವೈಫೈ ಇದ್ದ ಮನೆಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಸುಮ್ನೆ ಹಾಳಾಗುತ್ತದೆ, ಆ ದಿನದ್ದು ಆ ದಿನಕ್ಕೇ ಮುಗಿಯುವುದು. ವಿಐಯಲ್ಲಿ 509ರದ್ದು ಇದೆ, 84 ದಿನ, ಒಟ್ಟು ಆರು ಜಿಬಿ. ಹೊರಗೆ ಹೋದಾಗ ವಾಟ್ಸಾಪ್, ಯುಪಿಐಗೆ ಅಷ್ಟು ಸಾಕು. ವರ್ಷಕ್ಕೆ 4,537 ಹೋಗುವ ಕಡೆ ಸುಮಾರು 2,212 ಹೋಗುತ್ತದೆ. ನಿಮ್ಮ ಐದು ಸಿಮ್‌ನಲ್ಲಿ ಅತಿ ಹೆಚ್ಚು ಉಳಿಯುವುದು ಇದರಲ್ಲೇ.

ಮೊದಲು ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಕಳೆದ ತಿಂಗಳು ಮೊಬೈಲ್ ಡೇಟಾ ಎಷ್ಟು ಖರ್ಚಾಗಿದೆ ನೋಡಿ. ಅದನ್ನು ನೋಡದೆ ಪ್ಯಾಕ್ ಆರಿಸಬೇಡಿ.


ಧಾರವಾಡ_ಹಿಂಜವಡಿ
15 ಫೆಬ್ರವರಿ 2025

ಮುಲುಂಡ್ ಸಾರ್ ಹೇಳಿದ್ದು ಒಪ್ಪುತ್ತೇನೆ, ಆದರೆ ಮಗನ ವಿಷಯದಲ್ಲಿ 5ಜಿ ಮಾತು ಬಿಟ್ಟುಹೋಗಿದೆ.

ಜುಲೈ 2024ಕ್ಕಿಂತ ಮೊದಲು ಸಣ್ಣ ಪ್ಯಾಕ್‌ಗಳಲ್ಲೂ ಮಿತಿಯಿಲ್ಲದ 5ಜಿ ಸಿಗುತ್ತಿತ್ತು. ದರ ಏರಿಸಿದಾಗ ಜಿಯೋ, ಏರ್‌ಟೆಲ್ ಎರಡೂ ಅದನ್ನು ದಿನಕ್ಕೆ ಎರಡು ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಯಾಕ್‌ಗಳಿಗೆ ಮಾತ್ರ ಇಟ್ಟವು. ಹಾಗಾಗಿ ಮಗನ ಫೋನ್ 5ಜಿ ಆಗಿದ್ದರೆ ಜಿಯೋ 859ರಲ್ಲಿ ಅದು ಸಿಗುತ್ತದೆ. ಏರ್‌ಟೆಲ್‌ನಲ್ಲಿ ಅದೇ ಸೌಲಭ್ಯ ಬೇಕಾದರೆ 84 ದಿನಕ್ಕೆ 979 ಕೊಡಬೇಕು. ನಿಮ್ಮ 859ರಲ್ಲಿ ಬರುವುದಿಲ್ಲ. ವಿಐ ಈಗಷ್ಟೇ ಮುಂಬೈಯಲ್ಲಿ ಮಾರ್ಚ್‌ಗೆ 5ಜಿ ಶುರು ಮಾಡುವುದಾಗಿ ಹೇಳಿದೆ. ಫೋನ್ 4ಜಿ ಆಗಿದ್ದರೆ ಈ ತಲೆನೋವೇ ಬೇಡ, ಕಡಿಮೆ ಬೀಳುವುದನ್ನು ಹಾಕಿ.

ಇನ್ನು ಯಾರಾದರೂ ಬಂದು ಪೋಸ್ಟ್‌ಪೇಯ್ಡ್ ಫ್ಯಾಮಿಲಿ ಪ್ಲಾನ್ ತಗೊಳ್ಳಿ ಅನ್ನುತ್ತಾರೆ, ಅದಕ್ಕೇ ಮೊದಲೇ ಹೇಳುತ್ತೇನೆ. ನಾನು ಮೂರು ವರ್ಷ ಅದರಲ್ಲಿ ಇದ್ದೆ. ಪ್ರೀಪೇಯ್ಡ್‌ನಲ್ಲಿ ಕಾಣುವ ಬೆಲೆಯಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್‌ನಲ್ಲಿ ಸೇರಿರುವುದಿಲ್ಲ, ಬಿಲ್ ಬಂದಾಗ ಮೇಲೆ ಹತ್ತುತ್ತದೆ. ಏರ್‌ಟೆಲ್‌ನ 449 ಅಂದರೆ ಕೈಯಿಂದ ಹೋಗುವುದು 530. ಎರಡು ಸಿಮ್‌ನ 699 ಅಂದರೆ 825, ಒಂದು ಸಿಮ್‌ಗೆ 412. ಅದೇ 84 ದಿನದ 859 ಮೂವತ್ತು ದಿನಕ್ಕೆ 307 ಬೀಳುತ್ತದೆ. ಪೋಸ್ಟ್‌ಪೇಯ್ಡ್ ಜೊತೆ ಬರುವ ಪ್ರೈಮ್, ಹಾಟ್‌ಸ್ಟಾರ್ ನೀವು ಹೇಗೂ ದುಡ್ಡು ಕೊಟ್ಟು ನೋಡುವವರಾದರೆ ಲೆಕ್ಕ ಬೇರೆ. ಆಫೀಸಿನವರು ಬಿಲ್ ಹಣ ಕೊಡುವವರಿದ್ದರೂ ಬೇರೆ. ಇಲ್ಲದಿದ್ದರೆ ಖರ್ಚು ಇಳಿಸಬೇಕು ಅನ್ನುವವರಿಗೆ ಅದು ದಾರಿ ಅಲ್ಲ ರೀ.

ಇನ್ನೊಂದು ಅನುಭವ. ನಮ್ಮ ಫ್ಲ್ಯಾಟಿನ ಒಳಗೆ ಒಂದು ಕಂಪನಿಯ ಸಿಗ್ನಲ್ ಅಡುಗೆಮನೆಯಲ್ಲಿ ಪೂರ್ತಿ ಸತ್ತುಹೋಗುತ್ತಿತ್ತು. ಅದಕ್ಕಾಗಿ ಎರಡನೇ ಸಿಮ್ ತೆಗೆದುಕೊಂಡು ಎರಡು ವರ್ಷ ಎರಡಕ್ಕೂ ದುಡ್ಡು ಹಾಕಿದೆ. ಆಮೇಲೆ ಗೊತ್ತಾಯಿತು, ಫೋನಿನಲ್ಲಿ ವೈಫೈ ಕಾಲಿಂಗ್ ಅಂತ ಒಂದು ಬಟನ್ ಇದೆ, ಅದನ್ನು ಆನ್ ಮಾಡಿದರೆ ಮನೆಯೊಳಗೆ ಕರೆ ಟವರ್ ಬದಲು ವೈಫೈ ಮೂಲಕ ಹೋಗುತ್ತದೆ. ಬೇರೆ ಚಾರ್ಜ್ ಇಲ್ಲ. ಎರಡನೇ ಸಿಮ್ ಬಿಟ್ಟೆ. ಬಿಡುವ ಮೊದಲು ಬ್ಯಾಂಕ್, ಆಧಾರ್, ಗ್ಯಾಸ್, ಪಿಎಫ್ ಎಲ್ಲದರಲ್ಲೂ ನಂಬರ್ ಬದಲಾಯಿಸಲು ಒಂದು ವಾರ ಹಿಡಿಯಿತು. ಅದನ್ನು ಮಾತ್ರ ಬಿಡಬೇಡಿ. ಬಿಟ್ಟ ನಂಬರನ್ನು ಕಂಪನಿ ಕೆಲವು ಕಾಲದ ಮೇಲೆ ಬೇರೆಯವರಿಗೆ ಕೊಡುತ್ತದೆ, ನಿಮ್ಮ ಓಟಿಪಿ ಅವರಿಗೆ ಹೋಗುತ್ತದೆ.


ಕುಂದಾಪುರ_ಡೊಂಬಿವಲಿ
16 ಫೆಬ್ರವರಿ 2025

ಇಬ್ಬರಿಗೂ ತುಂಬಾ ಧನ್ಯವಾದ. ಹದಿಮೂರು ಸಲ ಅನ್ನುವುದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ನಿನ್ನೆ ರಾತ್ರಿ ಮೂವರ ಫೋನೂ ನೋಡಿದೆ. ಹೆಂಡತಿ ಕಳೆದ ತಿಂಗಳು ಖರ್ಚು ಮಾಡಿದ್ದು ಒಂದು ಜಿಬಿ ಎಂಟುನೂರು ಎಂಬಿ, ಇಡೀ ತಿಂಗಳಿಗೆ. ಪ್ಯಾಕ್‌ನಲ್ಲಿ ಬಂದದ್ದು 42 ಜಿಬಿ. ನಾನು ಲೋಕಲ್‌ನಲ್ಲಿ ಹೋಗುತ್ತಾ ಬರುತ್ತಾ ಸುದ್ದಿ, ಯಕ್ಷಗಾನ ನೋಡುತ್ತೇನೆ, ದಿನಕ್ಕೆ ಒಂದು ಜಿಬಿ ದಾಟುತ್ತದೆ. ಮಗನದು 5ಜಿ ಫೋನ್.

ಈಗ ಉಳಿದದ್ದು ಅಪ್ಪ ಅಮ್ಮನ ವಿಷಯ. ಮೊನ್ನೆ ಬರೀ ಮಾತಿನ ಪ್ಯಾಕ್ ಬಂದಿದೆಯಂತಲ್ಲ, ಇಂಟರ್ನೆಟ್ ಇಲ್ಲದ್ದು. ಅದು ಅಪ್ಪನಿಗೆ ಆಗುತ್ತದಾ? ಜಿಯೋದ್ದು ಒಳ್ಳೆಯದಾ ಏರ್‌ಟೆಲ್‌ದಾ? ಬಿಎಸ್‌ಎನ್‌ಎಲ್ ತುಂಬ ಅಗ್ಗ ಅಂತ ಊರಿನವರು ಹೇಳುತ್ತಾರೆ. ಮತ್ತೆ ನಾನು ಇಲ್ಲಿಂದಲೇ ಅಪ್ಪನ ನಂಬರು ಪೋರ್ಟ್ ಮಾಡಲಿಕ್ಕೆ, ಅಂದರೆ ನಂಬರು ಅದೇ ಇಟ್ಟು ಕಂಪನಿ ಬದಲಾಯಿಸಲಿಕ್ಕೆ ಆಗುತ್ತದಾ?


ಗದಗ_ವಾಸ್ಕೋ
16 ಫೆಬ್ರವರಿ 2025

ಅಣ್ಣಾರೆ, ನಾನು ವಾಸ್ಕೋದಲ್ಲಿ ಮೊಬೈಲ್ ಅಂಗಡಿ ಇಟ್ಟು ಹದಿನಾಲ್ಕು ವರ್ಷ ಆಯಿತು. ದಿನಾ ಮಾಡುವ ಕೆಲಸ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಅಪ್ಪನ ಫೋನ್. ಹಳೇ ಕೀಪ್ಯಾಡ್ ಅಂದರೆ 2ಜಿ. ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡುವುದೇ ಇಲ್ಲ, ಯಾಕೆಂದರೆ ಜಿಯೋಗೆ 2ಜಿ ನೆಟ್‌ವರ್ಕ್ ಇಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಮಾತ್ರ ನಡೆಯುತ್ತದೆ. ಎಷ್ಟೋ ಜನ ಇದು ಗೊತ್ತಿಲ್ಲದೆ ಪೋರ್ಟ್ ಮಾಡಿಸಿ ಆಮೇಲೆ ಫೋನ್ ಹಿಡಿದುಕೊಂಡು ಅಂಗಡಿಗೆ ಬರುತ್ತಾರೆ. ಜಿಯೋ ಬೇಕೇ ಬೇಕು ಅಂದರೆ ಅವರದೇ ಜಿಯೋಭಾರತ್ ಕೀಪ್ಯಾಡ್ ಫೋನ್ ಇದೆ, 2023ರಲ್ಲಿ 999ಕ್ಕೆ ಬಂತು. ಅದಕ್ಕೆ 28 ದಿನಕ್ಕೆ 123ರ ಪ್ಯಾಕ್ ಇದೆ, ಆ ಪ್ಯಾಕ್ ಆ ಫೋನಿನಲ್ಲಿ ಮಾತ್ರ ನಡೆಯುವುದು. ದುಡ್ಡಿನ ಲೆಕ್ಕದಲ್ಲಿ ಒಳ್ಳೆಯದೇ. ಆದರೆ ಎಪ್ಪತ್ತೆಂಟು ವರ್ಷದವರಿಗೆ ಬೆರಳಿಗೆ ರೂಢಿಯಾದ ಫೋನ್ ಬಿಡಿಸಬೇಡಿ. ನನ್ನ ತಾಯಿಗೆ ನಾನು ಅದನ್ನು ಮಾಡಿದೆ, ಪಾಪ ಹಸಿರು ಬಟನ್ ಹುಡುಕುತ್ತಾ ಎರಡು ತಿಂಗಳು ಯಾರಿಗೂ ಫೋನ್ ಮಾಡಲಿಲ್ಲ.

ಬರೀ ಮಾತಿನ ಪ್ಯಾಕ್ ಬಂದದ್ದು ಟ್ರಾಯ್, ಅಂದರೆ ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಹೇಳಿದ್ದರಿಂದ. 2024ರ ಡಿಸೆಂಬರ್‌ನಲ್ಲಿ ನಿಯಮ ಬಂತು, ಇಂಟರ್ನೆಟ್ ಬೇಡದವರಿಗೆ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ. ಅಂಥ ಪ್ಯಾಕ್‌ಗೆ 90 ದಿನದ ಮಿತಿ ಇದ್ದದ್ದನ್ನು 365 ದಿನಕ್ಕೆ ಏರಿಸಿದರು. ಹೋದ ತಿಂಗಳು ಕಂಪನಿಗಳು ತಂದವು. ಏರ್‌ಟೆಲ್‌ದು 84 ದಿನಕ್ಕೆ 469, ವರ್ಷಕ್ಕೆ 1,849. ಜಿಯೋದು 84 ದಿನಕ್ಕೆ 448, ಇನ್ನೊಂದು 1,748.

ಈ 1,748 ನೋಡಿ ನಿಮಗೆ ಜಿಯೋ ಅಗ್ಗ ಅನ್ನಿಸುತ್ತದೆ. ಅದು 336 ದಿನಕ್ಕೆ. ಏರ್‌ಟೆಲ್‌ದು ಪೂರಾ 365 ದಿನ. ಜಿಯೋ ಮೊದಲು 365 ದಿನಕ್ಕೆ 1,958 ಅಂತ ಇಟ್ಟಿತ್ತು, ಕೆಲವೇ ದಿನದಲ್ಲಿ ಬೆಲೆ ಇಳಿಸಿತು, ಜೊತೆಗೆ ದಿನವೂ ಇಳಿಯಿತು. ಮುಲುಂಡ್ ಸಾರ್ ಹೇಳಿದ ಹಾಗೆ ಭಾಗಿಸಿದರೆ ಜಿಯೋ ದಿನಕ್ಕೆ 5 ರೂಪಾಯಿ 20 ಪೈಸೆ, ಏರ್‌ಟೆಲ್ 5 ರೂಪಾಯಿ 7 ಪೈಸೆ. ನಿಮ್ಮ ಅಪ್ಪನಿಗೆ ಏರ್‌ಟೆಲ್ ಈಗಾಗಲೇ ಇದೆ, ಮನೆಯ ಒಳಗೆ ಸಿಗ್ನಲ್ ಬರುತ್ತದೆ, ಫೋನೂ ಅದೇ. ಏನೂ ಬದಲಾಯಿಸಬೇಡಿ. 1,849 ಹಾಕಿಬಿಡಿ. ಈಗ 199ರ ಲೆಕ್ಕದಲ್ಲಿ ವರ್ಷಕ್ಕೆ 2,587 ಹೋಗುತ್ತಿದೆ, 738 ಉಳಿಯುತ್ತದೆ. ಅದಕ್ಕಿಂತ ಮುಖ್ಯ, ವರ್ಷಕ್ಕೆ ಒಂದೇ ತಾರೀಖು ನೆನಪಿಟ್ಟರೆ ಸಾಕು.

ಅಮ್ಮನಿಗೆ ಮಾತಿನ ಪ್ಯಾಕ್ ಹಾಕಬೇಡಿ. ಮೊಮ್ಮಗನ ಮುಖ ನೋಡಲು ವಿಡಿಯೋ ಕಾಲ್ ಮಾಡುತ್ತಾರೆ ಅಲ್ವಾ, ಅದು ನಿಂತುಹೋಗುತ್ತದೆ. 799 ಸರಿ ಇದೆ.

ಬಿಎಸ್‌ಎನ್‌ಎಲ್ ಅಗ್ಗ ಅನ್ನುವುದು ನಿಜ. ಜುಲೈ 2024ರಲ್ಲಿ ಮೂರು ಖಾಸಗಿ ಕಂಪನಿ ಏರಿಸಿದಾಗ ಅದು ಏರಿಸಲಿಲ್ಲ. 84 ದಿನಕ್ಕೆ 599, ದಿನಕ್ಕೆ ಮೂರು ಜಿಬಿ, ಇದರ ಹತ್ತಿರ ಯಾರೂ ಬರುವುದಿಲ್ಲ. ಈಗ ನಮ್ಮ ದೇಶದ್ದೇ ತಂತ್ರಜ್ಞಾನದ 4ಜಿ ಟವರ್ ಹಾಕುತ್ತಿದ್ದಾರೆ, ಕೆಲವು ಕಡೆ ಆಗಿದೆ, ಕೆಲವು ಕಡೆ ಆಗಿಲ್ಲ. ಹಾಗಾಗಿ ಊರೂರಿಗೆ ಬೇರೆ. ನಿಮ್ಮ ಮನೆಗೆ ಅದು ಬರುತ್ತದೋ ಇಲ್ಲವೋ ಅಂತ ಇಲ್ಲಿ ಕೂತು ಯಾರೂ ಹೇಳಲಾಗದು. ಊರಿಗೆ ಹೋದಾಗ ಬಿಎಸ್‌ಎನ್‌ಎಲ್ ಇರುವ ಯಾರನ್ನಾದರೂ ಮನೆಗೆ ಕರೆಯಿರಿ. ಅಂಗಳದಲ್ಲಿ ನಿಂತು ನೋಡಬೇಡಿ, ಅಮ್ಮ ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿ, ಅವರ ಫೋನಿನಿಂದ ನಿಮ್ಮ ಫೋನಿಗೆ ವಿಡಿಯೋ ಕಾಲ್ ಹಚ್ಚಿ ಐದು ನಿಮಿಷ ಮಾತಾಡಿ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಯಾವ ಟವರ್ ನಿಲ್ಲುತ್ತದೆ ಅಂತ ಪಕ್ಕದ ಮನೆಯವರನ್ನು ಕೇಳಿ. ಆಮೇಲೆ ತೀರ್ಮಾನ ಮಾಡಿ.

ಪೋರ್ಟ್ ಮುಂಬೈಯಿಂದ ಆಗುವುದಿಲ್ಲ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಬೇಕು, ಅದು ಆ ಸಿಮ್‌ನಿಂದಲೇ ಹೋಗಬೇಕು. ಎಂಟು ಅಕ್ಷರದ ಕೋಡ್ ಬರುತ್ತದೆ, ಕರ್ನಾಟಕದಲ್ಲೂ ಇಲ್ಲಿಯೂ ಅದಕ್ಕೆ ನಾಲ್ಕು ದಿನ ಆಯಸ್ಸು. ಅಷ್ಟರೊಳಗೆ ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರೇ ಆಧಾರ್ ಹಿಡಿದು ಅಂಗಡಿಗೆ ಬರಬೇಕು. ಅದೇ ಸರ್ಕಲ್ (ಟೆಲಿಕಾಂ ವಲಯ) ಒಳಗೆ ಮೂರು ಕೆಲಸದ ದಿನ, ಕರ್ನಾಟಕದಿಂದ ಮುಂಬೈ ಸರ್ಕಲ್‌ಗೆ ತರುವುದಾದರೆ ಐದು ಕೆಲಸದ ದಿನ. ಸಿಮ್ ತೆಗೆದುಕೊಂಡು 90 ದಿನ ಆಗಿರಬೇಕು. ಸಿಮ್ ಕಳೆದು ಹೊಸದು ಹಾಕಿಸಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ, ಇದು ಜುಲೈ 2024ರಿಂದ ಬಂದ ನಿಯಮ, ಮೋಸ ತಡೆಯಲಿಕ್ಕೆ. ಹಳೇ ಪ್ಯಾಕ್‌ನಲ್ಲಿ ಉಳಿದ ದಿನ, ಬ್ಯಾಲೆನ್ಸ್ ಯಾವುದೂ ಹೊಸ ಕಂಪನಿಗೆ ಬರುವುದಿಲ್ಲ, ಅದಕ್ಕೇ ಪ್ಯಾಕ್ ಮುಗಿಯಲು ನಾಲ್ಕೈದು ದಿನ ಇರುವಾಗ ಮಾಡಿ.


ಬೈಂದೂರು_ಮೀರಾರೋಡ್
16 ಫೆಬ್ರವರಿ 2025

ಎಲ್ಲರೂ 84 ದಿನ, 365 ದಿನ ಅನ್ನುತ್ತಿದ್ದೀರಿ. ನಾನು ಹೋಟೆಲಿನಲ್ಲಿ ಕೆಲಸ ಮಾಡುವವನು. ತಿಂಗಳ ಸಂಬಳದಲ್ಲಿ ಊರಿಗೆ ಕಳಿಸಿ, ಇಲ್ಲಿ ರೂಮಿನ ಬಾಡಿಗೆಗೆ ಪಾಲು ಕೊಟ್ಟ ಮೇಲೆ ಒಂದೇ ಸಲ 859 ತೆಗೆಯಲು ಆಗುವುದಿಲ್ಲ ಮಾರಾಯ್ರೆ. ನಮ್ಮಂಥವರಿಗೆ ಏನಾದರೂ ಇದೆಯಾ?


ಗದಗ_ವಾಸ್ಕೋ
17 ಫೆಬ್ರವರಿ 2025

ತಮ್ಮಾ, ನಿನ್ನ ಪ್ರಶ್ನೆ ನನ್ನ ಅಂಗಡಿಯ ಮುಂದೆ ದಿನಾ ನಿಲ್ಲುತ್ತದೆ. ಇಲ್ಲಿ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಬಹಳ. ದಿನಗೂಲಿಯವರು 84 ದಿನದ್ದು ಹಾಕಿಸುವುದನ್ನು ನಾನು ನೋಡಿದ್ದು ಕಡಿಮೆ. ಕೈಯಲ್ಲಿ ಒಮ್ಮೆಲೇ ದುಡ್ಡು ಇದ್ದವನಿಗೆ ದಿನಕ್ಕೆ ಹತ್ತು ರೂಪಾಯಿ, ಇಲ್ಲದವನಿಗೆ ಹನ್ನೆರಡೂವರೆ. ಇದು ನನಗೆ ಸರಿ ಕಾಣುವುದಿಲ್ಲ. ಗಿರಾಕಿಗೆ ಹೇಳಲೂ ಬೇಜಾರಾಗುತ್ತದೆ.

ಆದರೂ ಒಂದು ದಾರಿ ಇದೆ. 2022ರಲ್ಲಿ ಟ್ರಾಯ್ ಇನ್ನೊಂದು ನಿಯಮ ಮಾಡಿತು, ಪ್ರತಿ ಕಂಪನಿಯೂ 30 ದಿನದ ಒಂದು ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಒಂದು ಪ್ಯಾಕ್ ಇಡಬೇಕು ಅಂತ. ಜಿಯೋದಲ್ಲಿ 319 ಹಾಗೆ, ದಿನಕ್ಕೆ ಒಂದೂವರೆ ಜಿಬಿ, ಒಂದು ತಿಂಗಳು. ಸಂಬಳ ಐದನೇ ತಾರೀಖಿಗೆ ಬರುವುದಾದರೆ ಐದಕ್ಕೇ ಹಾಕಿಸು, ಮುಂದಿನ ಐದಕ್ಕೆ ಮುಗಿಯುತ್ತದೆ. ವರ್ಷಕ್ಕೆ 12 ಸಲ, 3,828. ಅದೇ 299ರದ್ದು ಹದಿಮೂರು ಸಲ ಹಾಕಿದರೆ 3,887. ಉಳಿಯುವುದು 59 ರೂಪಾಯಿಯೇ ಇರಬಹುದು, ಆದರೆ ತಿಂಗಳ ಕೊನೆಯ ವಾರದಲ್ಲಿ, ಕೈ ಖಾಲಿ ಇರುವಾಗ ಪ್ಯಾಕ್ ಮುಗಿಯುವ ಕಷ್ಟ ತಪ್ಪುತ್ತದೆ. ಏರ್‌ಟೆಲ್‌ನಲ್ಲಿ 379, ಅದು ದಿನಕ್ಕೆ ಎರಡು ಜಿಬಿ.

ಹೋಟೆಲಿನಲ್ಲಿ ವೈಫೈ ಕೊಡುತ್ತಾರಾದರೆ ಜಿಯೋದ 189 ಸಾಕು, 28 ದಿನಕ್ಕೆ ಎರಡು ಜಿಬಿ, ಮಾತು ಎಷ್ಟು ಬೇಕಾದರೂ.


ಮುಲುಂಡ್_ನಿವೃತ್ತ
17 ಫೆಬ್ರವರಿ 2025

ವಾಸ್ಕೋದವರು ಬರೆದದ್ದು ಓದಿ ಸಂತೋಷವಾಯಿತು, ನನಗೆ 2ಜಿ ವಿಷಯ ಗೊತ್ತಿರಲಿಲ್ಲ. ಎರಡು ಮಾತು ಸೇರಿಸುತ್ತೇನೆ.

ಕೆಲವು ಪೇಮೆಂಟ್ ಆಪ್‌ಗಳು ರೀಚಾರ್ಜ್ ಮೇಲೆ ಒಂದೆರಡು ರೂಪಾಯಿ ತಮ್ಮ ಚಾರ್ಜ್ ಹಾಕುತ್ತವೆ. ಕಂಪನಿಯ ಸ್ವಂತ ಆಪ್‌ನಲ್ಲಿ ಹಾಕಿದರೆ ಅದು ಉಳಿಯುತ್ತದೆ. ಇನ್ನೊಂದು, ಆಪ್ ತೆರೆದ ಕೂಡಲೇ ಮೇಲೆ ಕಾಣುವುದು ಅವರು ಮಾರಬೇಕೆಂದಿರುವ ಪ್ಯಾಕ್. 189, 199, 509, ಮಾತಿನ ಪ್ಯಾಕ್ ಎಲ್ಲ ಕೆಳಗೆ, ಬೇರೆ ಹೆಸರಿನ ಕಟ್ಟಿನಲ್ಲಿ ಇರುತ್ತವೆ. ಹುಡುಕಬೇಕು. ಟ್ರಾಯ್‌ನ ಸ್ವಂತ ಟಾರಿಫ್ ಪೋರ್ಟಲ್ ಇದೆ, ಅಲ್ಲಿ ಕಂಪನಿ, ಸರ್ಕಲ್ ಆರಿಸಿದರೆ ಎಲ್ಲ ಪ್ಯಾಕ್ ಒಂದೇ ಕಡೆ ಸಿಗುತ್ತವೆ. ಸರ್ಕಲ್ ಆರಿಸುವಾಗ ಎಚ್ಚರ. ಡೊಂಬಿವಲಿಯವರಿಗೆ ಮುಂಬೈ ಸರ್ಕಲ್, ಪುಣೆ ಮತ್ತು ಗೋವಾದವರಿಗೆ ಮಹಾರಾಷ್ಟ್ರ ಸರ್ಕಲ್, ಅಪ್ಪ ಅಮ್ಮನಿಗೆ ಕರ್ನಾಟಕ. ನೀವು ಎಲ್ಲಿ ಇದ್ದೀರಿ ಅಂತ ಅಲ್ಲ, ಸಿಮ್ ಎಲ್ಲಿಯದು ಅಂತ ನೋಡಬೇಕು.


ಕುಂದಾಪುರ_ಡೊಂಬಿವಲಿ
23 ಫೆಬ್ರವರಿ 2025

ಒಂದು ವಾರದ ಮೇಲೆ ಬರೆಯುತ್ತಿದ್ದೇನೆ, ಏನು ಮಾಡಿದೆ ಅಂತ ಹೇಳಬೇಕಲ್ಲ.

ಅಪ್ಪನಿಗೆ 1,849 ಆ ದಿನವೇ ಹಾಕಿದೆ. ಹೆಂಡತಿಗೆ 509, ಅವಳ ಹಳೇ ಪ್ಯಾಕ್ ಗುರುವಾರ ಮುಗಿದಿತ್ತು. ಮಗನಿಗೆ 859. ನನ್ನದು ಇನ್ನೂ ಹತ್ತು ದಿನ ಇದೆ, ಮುಗಿದ ಮೇಲೆ 859. ಅಮ್ಮನಿಗೆ 799. ಎಲ್ಲ ಸೇರಿಸಿ ವರ್ಷಕ್ಕೆ 15,000ದ ಹತ್ತಿರ ಬರುತ್ತದೆ, ಅಂದರೆ ತಿಂಗಳಿಗೆ 1,250. ಮೊದಲಿಗಿಂತ ವರ್ಷಕ್ಕೆ 5,000ಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿಯುತ್ತದೆ. ಮತ್ಸ್ಯಗಂಧದಲ್ಲಿ ನಾವು ಮೂವರೂ ಒಮ್ಮೆ ಊರಿಗೆ ಹೋಗಿಬರುವ ಟಿಕೆಟ್‌ನ ದುಡ್ಡು ಇದರಲ್ಲೇ ಬಂತು ಅಂತ ಹೆಂಡತಿ ಕೂತು ಲೆಕ್ಕ ಹಾಕಿದಳು.

ಅಪ್ಪನಿಗೆ ಫೋನ್ ಮಾಡಿ ಇನ್ನು ಒಂದು ವರ್ಷ ರೀಚಾರ್ಜ್ ಚಿಂತೆ ಇಲ್ಲ ಅಂದೆ. ಯಾವ ದಿನಕ್ಕೆ ಮುಗಿಯುತ್ತದೆ ಅಂತ ಅವರೇ ಕೇಳಿದರು. ಹೇಳಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಮುಂದಿನ ವರ್ಷದ ಫೆಬ್ರವರಿ ಇಲ್ಲ ಅಂತ, ಪಂಚಾಂಗದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರಂತೆ.

ಮೇ ತಿಂಗಳಲ್ಲಿ ಊರಿಗೆ ಹೋಗುತ್ತೇವೆ. ಆಗ ಅಮ್ಮನ ಕೋಣೆಯಲ್ಲಿ ಬಿಎಸ್‌ಎನ್‌ಎಲ್ ಹಿಡಿಯುತ್ತದಾ ನೋಡುತ್ತೇನೆ. ವಾಸ್ಕೋ ಅಣ್ಣ, ಒಂದು ಸಂಶಯ ಉಳಿದಿದೆ. ಅಮ್ಮನ ಸಿಮ್ ನನ್ನ ಹೆಸರಿನಲ್ಲಿದೆ, ಆಧಾರ್ ಕೂಡ ಇಲ್ಲಿಯ ವಿಳಾಸದ್ದು. ಪೋರ್ಟ್‌ಗೆ ನಾನೇ ಹೋದರೆ ಸಾಕಾ, ಅಥವಾ ಮೊದಲು ಸಿಮ್ ಅವರ ಹೆಸರಿಗೆ ಮಾಡಿಸಬೇಕಾ?


ಗದಗ_ವಾಸ್ಕೋ
23 ಫೆಬ್ರವರಿ 2025

ನಿಮ್ಮ ಹೆಸರಿನಲ್ಲಿ ಇದ್ದರೆ ಪೋರ್ಟ್‌ಗೆ ನೀವೇ ಹೋಗಬೇಕು, ಅಮ್ಮ ಬರುವುದು ಬೇಡ. ನಿಮ್ಮ ಆಧಾರ್ ತಗೊಂಡು ಹೋಗಿ, ಅಮ್ಮನ ಫೋನೂ ಜೊತೆಗೆ ಇರಲಿ, ಕೋಡ್ ಬರುವುದು ಅದಕ್ಕೇ. ಭಾನುವಾರ ಬಿಟ್ಟು, ಊರಿಗೆ ಇಳಿದ ಮೊದಲ ಎರಡು ದಿನದಲ್ಲೇ ಕೊಡಿ. ಹೊಸ ಸಿಮ್ ಶುರುವಾಗುವುದನ್ನು ನೋಡಿಕೊಂಡೇ ಮುಂಬೈ ರೈಲು ಹತ್ತಿ.